ಕೇರಿಯ ಕಡೆಯಿಂದ ಬೀದಿದೀಪದ ಚರಿತ್ರೆ

ಬೀದಿದೀಪಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕ್ತಾರಂತೆ ಎಂಬ ಸುದ್ದಿ ನಮ್ಮ ಸೀಮೆಗೆ ಬಂದು ಬಹಳ ದಿನವಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿಗೆ ಹೋದರೂ ಮೇನ್ ರೋಡಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಬೆಳಕು ಈಗ ಕಾಣುತ್ತದೆ. ಜನ ಅದರ ಬಗ್ಗೆ ಮಾತಾಡುತ್ತಾರೆ. ಕಣ್ಣಿಗೆ ಚುಚ್ಚತೈತಿ ಅಂತ ಮುದುಕರು, ನಿದ್ದೆ ಹತ್ತಲ್ಲ ಅಂತ ಮಾಳಿಗೆ ಮೇಲೆ ಮಲಗೋರು, ಕಂಬದ ಬುಡದಾಗ ಹಗಲು, ನಾಕು ಹೆಜ್ಜೆ ಆಚೆ ಗವಿ ಅಂತ ರಾತ್ರಿ ಬಸ್ಸಿಳಿದು ಬರೋರು. ಇವೆಲ್ಲ ನಿಜವಾದ ದೂರುಗಳೇ. ಆದರೆ ಕೇರಿಯಲ್ಲಿ ನಮಗೆ ಕೇಳಿಬಂದ ಮಾತು ಬೇರೆ: 'ಹಳೇದು ತೆಗ್ದು ಹೊಸಾದು ಹಾಕ್ತಾರಂತಲ್ಲ, ನಮ್ಮಲ್ಲಿ ತೆಗೆಯಾಕ ಹಳೇದು ಎಲ್ಲೈತಿ?'

ಇದು ಕುಹಕದ ಮಾತಲ್ಲ, ಲೆಕ್ಕದ ಮಾತು. ಈ ಲೆಕ್ಕ ಅರ್ಥವಾಗಬೇಕಾದರೆ ಎಲ್‌ಇಡಿ ಮಾರುವವರ ಕರಪತ್ರ ಓದಿದರೆ ಸಾಲದು, ಬೆಳಕು ನಮ್ಮ ಊರುಗಳಿಗೆ ಯಾವ ಹಾದಿ ಹಿಡಿದು ಬಂತು, ಎಲ್ಲಿಗೆ ಬಂದು ನಿಂತಿತು ಅಂತ ನೋಡಬೇಕು. ಪಟ್ಟಣಗಳ ಚರಿತ್ರೆ ಬರೆದವರು ದೀಪ ಹತ್ತಿದ ದಿನಾಂಕ ಬರೆದಿದ್ದಾರೆ. ಎಲ್ಲಿ ಹತ್ತಲಿಲ್ಲ ಅನ್ನುವುದನ್ನು ನಾವೇ ಬರೆದುಕೊಳ್ಳಬೇಕಾಗಿದೆ.

ಮೊದಲು ಎಣ್ಣೆ. ಔಡಲ, ಹೊಂಗೆ, ಆಮೇಲೆ ಸೀಮೆಎಣ್ಣೆ. ಬಡವರ ಮನೆಯಲ್ಲಿ ಉಂಡು ಒರಗುವಷ್ಟು ಹೊತ್ತು ಮಾತ್ರ ಬುಡ್ಡಿ, ಎಷ್ಟೋ ಗುಡಿಸಲಲ್ಲಿ ಒಲೆಯ ಬೆಂಕಿಯೇ ದೀಪ. ಇದೇ ಸೀಮೆಯ ಉಜ್ಜಯಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಕೊಡಗಟ್ಟಲೆ ಎಣ್ಣೆ ಎರೆಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆ ಮೊದಲು ಬೀಳಬೇಕು ಎಂಬುದು ಅಲ್ಲಿನ ರೂಢಿ. ಭಕ್ತಿಯ ಮೇಲೆ ನಮ್ಮ ತಕರಾರಿಲ್ಲ. ಕಲ್ಲಿನ ಶಿಖರ ಎಣ್ಣೆ ಕುಡಿಯುತ್ತಿದ್ದ ಕಾಲದಲ್ಲಿ ಕೇರಿಯ ಬುಡ್ಡಿ ಒಣಗಿತ್ತು ಎಂಬುದನ್ನು ಯಾವ ಸ್ಥಳಪುರಾಣವೂ ಬರೆಯಲಿಲ್ಲ, ಅಷ್ಟೆ. ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ತೇರು ಕದಲುವ ಮೊದಲು ದಲಿತ ಹೆಣ್ಣುಮಗಳು ಆರತಿ ಬೆಳಗುವ ಪದ್ಧತಿ ಇದೆ. ವರ್ಷಕ್ಕೊಂದು ದಿನ ನಮ್ಮ ಕೈಯ ದೀಪ ತೇರಿಗೆ ಬೇಕು. ಆ ಹೆಣ್ಣುಮಗಳು ತಿರುಗಿ ಮನೆಗೆ ಹೋಗುವ ಓಣಿಯಲ್ಲಿ ದೀಪ ಇದೆಯೋ ಇಲ್ಲವೋ ಅಂತ ತೇರು ಎಳೆಯುವ ಸಾವಿರಾರು ಜನರಲ್ಲಿ ಎಷ್ಟು ಮಂದಿ ಕೇಳ್ಯಾರು?

ಬೆಳಕನ್ನು ಹೊರುವ ಕೆಲಸವಂತೂ ನಮ್ಮದೇ ಆಗಿತ್ತು. ಗೌಡರು ಇರುಳಲ್ಲಿ ಊರಿಂದ ಊರಿಗೆ ಹೋದರೆ ಪಂಜು ಹಿಡಿದು ಮುಂದೆ ನಡೆಯುವುದು ಬಿಟ್ಟಿ ಚಾಕರಿಯ ಬಾಬ್ತು. ಆಮೇಲೆ ಪೆಟ್ರೋಮ್ಯಾಕ್ಸ್ ಬಂತು, ಜನ ಅದನ್ನು ಗ್ಯಾಸ್‌ಲೈಟ್ ಅಂದರು. ಮದುವೆ ಮೆರವಣಿಗೆಯಲ್ಲಿ ತಲೆ ಮೇಲೆ ಸಿಂಬಿ ಇಟ್ಟು ಅದನ್ನು ಹೊತ್ತವರು ಯಾರು? ಮದುಮಗನ ಮುಖಕ್ಕೆ ಬೆಳಕು, ಹೊತ್ತವನ ಹೆಗಲಿಗೆ ಸೀಮೆಎಣ್ಣೆ. ಈಗ ಅದು ಜನರೇಟರಿನ ವೈರು ಎಳೆದುಕೊಂಡು ಬರುವ ಜಗಮಗ ದೀಪವಾಗಿದೆ. ಹೊರುವವರು ಬದಲಾಗಿದ್ದಾರೆಯೇ ಅಂತ ಮುಂದಿನ ಮೆರವಣಿಗೆಯಲ್ಲಿ ನೀವೇ ನಿಂತು ನೋಡಿ.

ಬೀದಿಗೆ ದೀಪ ಹಚ್ಚುವುದು ಸರ್ಕಾರದ ಕೆಲಸ ಎಂಬ ಮಾತು ಈ ಕಡೆ ಬಂದದ್ದು ಇಂಗ್ಲಿಷರ ಕಾಲಕ್ಕೆ. ಆಗ ನಾವು ಮೈಸೂರಿನವರಲ್ಲ, ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯವರು. 1884ರ ಮದ್ರಾಸ್ ಸ್ಥಳೀಯ ಮಂಡಳಿಗಳ ಕಾಯ್ದೆ ದೊಡ್ಡ ಹಳ್ಳಿಗಳನ್ನು ಯೂನಿಯನ್ ಅಂತ ಕರೆದು, ಮನೆಗಂದಾಯ ಎತ್ತಿ, ಆ ದುಡ್ಡಿನಲ್ಲಿ ಸಾರ್ವಜನಿಕ ರಸ್ತೆಗಳಿಗೆ ದೀಪ ಹಚ್ಚಬೇಕು, ಚರಂಡಿ ಬಳಿಸಬೇಕು ಎಂದು ಹೇಳಿತು. ದೀಪ, ಚರಂಡಿ ಎರಡೂ ಒಂದೇ ಕಾಯ್ದೆಯೊಳಗೆ. ಚರಂಡಿ ಬಳಿಯುವ ಕೆಲಸ ತಡವಿಲ್ಲದೆ ಕೇರಿಗೆ ಬಂತು. ದೀಪ ಬರಲಿಲ್ಲ. ಯಾವುದು ಸಾರ್ವಜನಿಕ ರಸ್ತೆ ಅಂತ ಹೇಳುವವರು ಊರಿನ ಪಂಚರು, ಅವರು ನಡೆದಾಡುವ ರಸ್ತೆಯೇ ಸಾರ್ವಜನಿಕ. ಗಾಜಿನ ಗೂಡಿನ ಸೀಮೆಎಣ್ಣೆ ದೀಪಗಳು ಪೇಟೆಬೀದಿ, ಗುಡಿಬೀದಿ, ಚಾವಡಿಯ ಮುಂದೆ ನಿಂತವು.

ಇಲ್ಲೊಂದು ಮಾತು ಹೇಳಲೇಬೇಕು. ಮದ್ರಾಸ್ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ ಟಿ. ಮುತ್ತುಸ್ವಾಮಿ ಅಯ್ಯರ್ ಹುಡುಗರಾಗಿದ್ದಾಗ ಬೀದಿದೀಪದ ಕೆಳಗೆ ಕೂತು ಓದಿ ದೊಡ್ಡವರಾದರು ಅಂತ ಮಾಸ್ತರರು ಮಕ್ಕಳಿಗೆ ಕತೆ ಹೇಳುತ್ತಾರೆ. ಬಡತನದಲ್ಲಿ ಓದಿದ ಯಾರನ್ನೂ ನಾವು ಹಗುರ ಮಾಡುವುದಿಲ್ಲ. ಆದರೆ ಕತೆ ಕೇಳಿದ ಕೇರಿಯ ಹುಡುಗನಿಗೆ ಮಾಸ್ತರರು ಇನ್ನೊಂದು ವಿವರವನ್ನೂ ಹೇಳಬೇಕಿತ್ತು. ದೀಪದ ಕೆಳಗೆ ಕೂತು ಓದಬೇಕಾದರೆ ಆ ಬೀದಿಯಲ್ಲಿ ಕೂರಲು ಬಿಡುವವರೂ ಇರಬೇಕು.

ಅತ್ತ ಮೈಸೂರು ಸಂಸ್ಥಾನದಲ್ಲಿ ಕರೆಂಟು ಬಂತು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು 1902ರ ಜೂನ್ 30ರಂದು ತಂತಿಗೆ ಬಿಟ್ಟರು. ಆ ತಂತಿ ಹೋದದ್ದು ಎಲ್ಲಿಗೆ? ಯಾವ ಊರಿನ ಬೀದಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ಉದ್ದದ ವಿದ್ಯುತ್ ತಂತಿ ಆಗ ಜಗತ್ತಿನಲ್ಲೇ ಬೇರೆ ಇರಲಿಲ್ಲ ಎಂದು ಪಠ್ಯಪುಸ್ತಕಗಳು ಎದೆಯುಬ್ಬಿಸಿ ಹೇಳುತ್ತವೆ. ಆ ತಂತಿಯ ತುದಿಯಲ್ಲಿದ್ದುದು ಇಂಗ್ಲಿಷ್ ಕಂಪನಿ. ಅದರ ಸುರಂಗದೊಳಗೆ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯ ಕೂಲಿಗಳು. ಬಿದಿರುತಟ್ಟಿಯ ಕೂಲಿಲೈನುಗಳಲ್ಲಿ ಮಲಗೆದ್ದು ಭೂಮಿಯ ಹೊಟ್ಟೆಗೆ ಇಳಿಯುತ್ತಿದ್ದ ಅವರ ಬೆವರಿಗೂ ಈ ನಾಡಿನ ಮೊದಲ ಕರೆಂಟಿಗೂ ನಂಟಿದೆ. ಆ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಹೋಯಿತು, ಕರೆಂಟಿನ ಹೆಮ್ಮೆ ಮಾತ್ರ ಬೆಂಗಳೂರಿನಲ್ಲಿ ಉಳಿಯಿತು.

ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ಗಣಿಗೆ ಕೊಟ್ಟು ಮೂರು ವರ್ಷದ ಮೇಲೆ. ಏಷ್ಯಾಕ್ಕೇ ಮೊದಲು ಅಂತ ಹೇಳಿಕೊಳ್ಳುತ್ತಾರೆ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಜಲವಿದ್ಯುತ್ತಿನಿಂದ ಬೀದಿದೀಪ ಹತ್ತಿತ್ತು, ಹೀಗಾಗಿ ಆ ಜಂಬ ನಿಲ್ಲುವುದಿಲ್ಲ. ಯಾರು ಮೊದಲು ಎಂಬ ಪೈಪೋಟಿ ನಮಗೆ ಬೇಡ. ಯಾರು ಕಡೆ ಎಂಬ ಪಟ್ಟಿಯನ್ನು ಯಾರೂ ಇಟ್ಟಿಲ್ಲವಲ್ಲ, ಅದು ನಮ್ಮ ಮಾತು.

ವಿದ್ಯುತ್ತನ್ನು ಬಡತನದ ಪ್ರಶ್ನೆಯಾಗಿ ನೋಡಿದವರು ಒಬ್ಬರಿದ್ದರು. ಬಾಬಾಸಾಹೇಬ್ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ನೀರಾವರಿ, ವಿದ್ಯುತ್ ಅವರ ಕೈಯಲ್ಲೇ ಇದ್ದವು. 1943ರ ಅಕ್ಟೋಬರ್ 25ರಂದು ಯುದ್ಧಾನಂತರದ ವಿದ್ಯುತ್ ಯೋಜನೆಗೆ ಸೇರಿದ ಸಮಿತಿಯ ಮುಂದೆ ಅವರು ಆಡಿದ ಮಾತಿನ ತಿರುಳು ಇಷ್ಟು: ಈ ದೇಶದ ದಾರಿದ್ರ್ಯ ಹೋಗಬೇಕಾದರೆ ಕೈಗಾರಿಕೆ ಬೆಳೆಯಬೇಕು, ಅದಕ್ಕೆ ವಿದ್ಯುತ್ತು ಅಗ್ಗವಾಗಿ, ಧಾರಾಳವಾಗಿ ಸಿಗಬೇಕು, ಲಾಭಕ್ಕೆ ನಿಂತ ಖಾಸಗಿ ಕಂಪನಿಗಿಂತ ಸರ್ಕಾರದ ಒಡೆತನ ಮೇಲು. ಅಂಬೇಡ್ಕರ್ ಅಂದರೆ ಸಂವಿಧಾನ, ಮೀಸಲಾತಿ ಅಂತ ಎರಡು ಪದಕ್ಕೆ ನಿಲ್ಲಿಸುವವರು ಇದನ್ನೂ ಓದಬೇಕು. ಕಂಬ, ತಂತಿಗಳ ವಿಷಯ ಅವರಿಗೆ ಸಣ್ಣದಾಗಿ ಕಂಡಿರಲಿಲ್ಲ.

ಅವರು ಆ ಖಾತೆಯಲ್ಲಿದ್ದಾಗಲೇ, 1945ರಲ್ಲಿ, ನಮ್ಮ ಮಗ್ಗುಲಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು. 1953ಕ್ಕೆ ನೀರು ನಿಂತಿತು. ಸುಮಾರು 90 ಹಳ್ಳಿ ಮುಳುಗಿದವು. ನಾರಾಯಣದೇವರಕೆರೆ ಮುಳುಗಿ ಮರಿಯಮ್ಮನಹಳ್ಳಿ ಎದ್ದಿತು. ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಜನ ಹಿನ್ನೀರನ್ನು ನೋಡುತ್ತ ಬದುಕುವವರಾದರು. ಅದೇ ವರ್ಷದ ಅಕ್ಟೋಬರ್ 1ಕ್ಕೆ ನಾವು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಅಣೆಕಟ್ಟಿನ ಬಲದಂಡೆಯ ಎರಡು ವಿದ್ಯುತ್ ಮನೆಗಳ ಒಟ್ಟು ಶಕ್ತಿ 72 ಮೆಗಾವ್ಯಾಟ್. ಅದರಲ್ಲಿ ನಮ್ಮ ರಾಜ್ಯದ ಪಾಲು ನೂರಕ್ಕೆ 20, ಮಿಕ್ಕ 80 ಆಂಧ್ರದ ಪಾಲಾಯಿತು. ಮುಳುಗಿದ್ದು ನಮ್ಮ ಹೊಲ, ಹತ್ತಿದ್ದು ದೂರದ ದೀಪ. ಇದನ್ನು ಆಂಧ್ರದವರ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ, ಅಲ್ಲಿನ ಕೇರಿಗಳ ಪಾಡು ನಮಗಿಂತ ಮೇಲಿತ್ತೇನು? ಇಲ್ಲಿಗೆ ಬಂದ ನೂರಕ್ಕೆ 20ರಲ್ಲಿ ಕೇರಿಗೆ ಎಷ್ಟು ಬಂತು ಎಂಬುದೇ ಕೊನೆಗೆ ಉಳಿಯುವ ಲೆಕ್ಕ.

1957ರಲ್ಲಿ ವಿದ್ಯುತ್ ಮಂಡಳಿ ಬಂತು, ಜನರ ಬಾಯಲ್ಲಿ ಕೆಇಬಿ. ಈಗ ಜೆಸ್ಕಾಂ, ಬೆಸ್ಕಾಂ ಅಂತ ಏನೇ ಹೆಸರಿಟ್ಟರೂ ಹಳ್ಳಿಯವರು ಇವತ್ತಿಗೂ 'ಕೆಇಬಿಯವ್ನು ಬಂದಾನೆ' ಅಂತಲೇ ಹೇಳುವುದು. ಆ ಕಾಲದ ವರದಿಗಳ ತುಂಬ 'ವಿದ್ಯುದೀಕರಣಗೊಂಡ ಗ್ರಾಮ' ಎಂಬ ಮಾತು. ಇಂತಿಷ್ಟು ಸಾವಿರ ಗ್ರಾಮ ಮುಗಿಯಿತು, ಇಂತಿಷ್ಟು ಬಾಕಿ. ಈ ಮಾತಿನ ಒಳಗೆ ಏನಿತ್ತು ಅಂತ ಬಿಚ್ಚಿ ನೋಡಿದರೆ ನಮ್ಮ ಕೇರಿಯ ಮೂವತ್ತು ನಲವತ್ತು ವರ್ಷದ ಕತ್ತಲೆ ಅಲ್ಲೇ ಸುತ್ತಿಟ್ಟಂತೆ ಸಿಗುತ್ತದೆ.

1997ರವರೆಗೆ ದೇಶದಲ್ಲಿ ಇದ್ದ ವ್ಯಾಖ್ಯೆಯ ಪ್ರಕಾರ, ಗ್ರಾಮದ ಕಂದಾಯ ಸರಹದ್ದಿನ ಒಳಗೆ ಎಲ್ಲಾದರೂ, ಯಾವ ಉದ್ದೇಶಕ್ಕಾದರೂ ಕರೆಂಟು ಬಳಸಿದರೆ ಸಾಕು, ಆ ಗ್ರಾಮ ವಿದ್ಯುದೀಕರಣಗೊಂಡ ಹಾಗೆ. ಅಂದರೆ ಊರಾಚೆ ಗೌಡರ ಬಾವಿಗೆ ಒಂದು ಪಂಪ್‌ಸೆಟ್ ಕೂತರೆ ಕಾಗದದಲ್ಲಿ ಇಡೀ ಊರಿಗೆ ಬೆಳಕು! ಊರೊಳಗೆ ಒಂದು ಬಲ್ಬೂ ಇಲ್ಲದಿದ್ದರೂ ಸೈ. 1997ರಲ್ಲಿ ಅದನ್ನು ಕೊಂಚ ತಿದ್ದಿ, ಜನವಸತಿ ಇರುವ ಜಾಗದಲ್ಲಿ ಬಳಸಿರಬೇಕು ಎಂದರು. ಆಗ ಬಾವಿಯಿಂದ ಊರ ನಡುವಿಗೆ ಬಂದಂತಾಯಿತು, ಆದರೆ ವಸತಿ ಎಂದರೆ ಯಾರ ವಸತಿ ಅಂತ ಹೇಳಲಿಲ್ಲ. 2004ರಲ್ಲಿ ಮೂರನೆಯ ವ್ಯಾಖ್ಯೆ ಬಂತು. ಊರಿನ ಜೊತೆಗೆ ದಲಿತ ಬಸ್ತಿ ಇದ್ದರೆ ಅಲ್ಲೂ ಟ್ರಾನ್ಸ್‌ಫಾರ್ಮರು, ತಂತಿ ಇರಬೇಕು, ಶಾಲೆ ಪಂಚಾಯ್ತಿ ಕಚೇರಿಯಂಥ ಕಡೆ ಕರೆಂಟು ಇರಬೇಕು, ಕಡೇ ಪಕ್ಷ ನೂರಕ್ಕೆ 10 ಮನೆಗಳಿಗೆ ಸಿಕ್ಕಿರಬೇಕು, ಆಗ ಮಾತ್ರ ಅದು ವಿದ್ಯುದೀಕರಣಗೊಂಡ ಗ್ರಾಮ.

ಈ ಮೂರನೆಯದನ್ನು ನಾವು ಎರಡೆರಡು ಸಲ ಓದಬೇಕು. ಸ್ವಾತಂತ್ರ್ಯ ಬಂದು 57 ವರ್ಷಕ್ಕೆ ಸರ್ಕಾರದ ವ್ಯಾಖ್ಯೆಯೊಳಗೆ 'ದಲಿತ ಬಸ್ತಿ' ಎಂಬ ಎರಡು ಪದ ಬಂದವು. ಯಾಕೆ ಬರೆಯಬೇಕಾಯಿತು? ಬರೆಯದೆ ಇದ್ದರೆ ತಂತಿ ಅಲ್ಲಿಗೆ ಹೋಗುವುದಿಲ್ಲ ಎಂದು ಬರೆದವರಿಗೂ ಗೊತ್ತಿತ್ತು. ಅಲ್ಲಿಯತನಕ ಸಾವಿರಾರು ಗ್ರಾಮಗಳು ಕೇರಿಯನ್ನು ಹೊರಗಿಟ್ಟೇ ಲೆಕ್ಕ ಪೂರ್ತಿ ಮಾಡಿಕೊಂಡಿರಬಹುದಿತ್ತು, ಕಾನೂನಿನ ಪ್ರಕಾರ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಸ್ಪೃಶ್ಯತೆ ಅಂದರೆ ಬಾವಿ, ಗುಡಿ, ಹೋಟೆಲಿನ ಬೇರೆ ಲೋಟ ಅಂತ ನಾವು ಹೋರಾಟ ಮಾಡಿದೆವು. ಅದು ಅಂಕಿಅಂಶದ ಕಾಲಮ್ಮಿನಲ್ಲೂ ತಣ್ಣಗೆ ಕೂತಿತ್ತು. ಹೊರಗಿನಿಂದ ನೋಡಿದರೆ ಕೇವಲ ಟೆಕ್ನಿಕಲ್ ವಿಷಯ.

ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಒಂದು ಬೆಳಕು ಬಂದಿತ್ತು ಅನ್ನುವುದನ್ನು ಮರೆಯಬಾರದು. 1979ರ ಹೊತ್ತಿಗೆ ಭಾಗ್ಯಜ್ಯೋತಿ. ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು. ಹೆಸರು ನೋಡಿ: ಬೇರೆಯವರಿಗೆ ಅದು ಕನೆಕ್ಷನ್, ನಮಗೆ ಭಾಗ್ಯ! ಹಾಗಿದ್ದೂ ಆ ಒಂದು ಬಲ್ಬಿನ ಕೆಳಗೆ ಓದಿದ ಮಕ್ಕಳು ಇವತ್ತು ಮಾಸ್ತರರಾಗಿದ್ದಾರೆ, ನರ್ಸುಗಳಾಗಿದ್ದಾರೆ. ಕುಹಕ ಮಾಡಿ ಅದನ್ನು ತಳ್ಳಿಹಾಕುವಷ್ಟು ಕೃತಘ್ನರು ನಾವಲ್ಲ. ಆದರೆ ಮನೆಯೊಳಗೆ ಬಲ್ಬು ಬಂದ ಮಾತ್ರಕ್ಕೆ ಬೀದಿಗೆ ದೀಪ ಬಂದಂತಾಗಲಿಲ್ಲ. ಗುಡಿಸಲಿಗೆ ವೈರು ಎಳೆಯಲು ಒಂದು ಕಂಬ ಸಾಕು, ಆ ಕಂಬಕ್ಕೆ ದೀಪ ಕಟ್ಟಿಸಿ ತಿಂಗಳ ಬಿಲ್ಲು ಕಟ್ಟುವುದು ಪಂಚಾಯ್ತಿಯ ಕೆಲಸ. ಪಂಚಾಯ್ತಿಗೆ ಬೀದಿದೀಪದ ಬಾಕಿ ಬೆಳೆದಾಗಲೆಲ್ಲ ಮೊದಲು ಆರುತ್ತಿದ್ದುದು ಯಾವ ಓಣಿಯ ದೀಪ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಊರಿಗೂ ಕೇರಿಗೂ ಜಗಳ ಎದ್ದ ರಾತ್ರಿಗಳಲ್ಲಿ ಕಲ್ಲು ಮೊದಲು ಬೀಳುತ್ತಿದ್ದುದು ಆ ಇದ್ದೊಂದು ಬಲ್ಬಿಗೆ ಎಂಬುದನ್ನೂ ನಮ್ಮ ಹಿರಿಯರು ಕಂಡಿದ್ದಾರೆ.

ದೀಪ ಬೇಕೇ ಬೇಕು ಅಂತ ಕೇರಿಯಲ್ಲಿ ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು ಎಂದರೂ ಸುಳ್ಳಾಗುತ್ತದೆ. ಪಾಯಖಾನೆ ಇಲ್ಲದ ಕಾಲದಲ್ಲಿ ಹೆಣ್ಣುಮಕ್ಕಳು ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದರು. ಕೆರೆಏರಿ ರಸ್ತೆಗೋ ಊರಂಚಿನ ಹಾದಿಗೋ ಟ್ಯೂಬ್‌ಲೈಟ್ ಬಂದಾಗ 'ಇರೋ ಮರೇನೂ ಹೋತಲ್ಲವ್ವ' ಅಂತ ಶಾಪ ಹಾಕಿದವರಿದ್ದಾರೆ. ಇತ್ತ ಕೂಡ್ಲಿಗಿಯ ಗುಡೇಕೋಟೆ ಕಡೆ ಕತ್ತಲೆಂದರೆ ಕರಡಿ. ಅಲ್ಲಿನ ಗುಡ್ಡಗಳು 2013ರಲ್ಲಿ ಕರಡಿಧಾಮವಾದವು. ಸಂಜೆ ಹೊಲದಿಂದ ತಿರುಗುವ ಕೂಲಿಯ ಹೆಂಗಸರಿಗೆ ಊರ ಬಾಯಿಯ ಒಂದು ದೀಪ ಜೀವದ ಪ್ರಶ್ನೆ. ಎಲ್ಲಿ ಬೆಳಕು ಬೇಕು, ಎಲ್ಲಿ ಬೇಡ, ಯಾವ ಹೊತ್ತಿಗೆ ಬೇಕು ಅಂತ ಬಲ್ಲವರು ಇಂಥವರು. ಕಂಬ ನೆಡುವ ಮೊದಲು ಇವರನ್ನು ಕೇಳಿದ ನೆನಪು ಯಾರಿಗೂ ಇಲ್ಲ.

ಈಗ ಎಲ್‌ಇಡಿಗೆ ಬರೋಣ. ನೀಲಿ ಬೆಳಕು ಕೊಡುವ ಎಲ್‌ಇಡಿ ಕಂಡುಹಿಡಿದ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಬಣ್ಣದ ಲೇಪ ಕೊಟ್ಟರೆ ಬಿಳಿ ಬೆಳಕು. ವಿಜ್ಞಾನದ ಈ ಸಾಧನೆಗೆ ನಾವು ತಲೆಬಾಗುತ್ತೇವೆ, ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಬಡವರಿಗೇ ಮೊದಲು ಬೇಕಾದದ್ದು. ತೊಂದರೆ ಇರುವುದು ಯಾವ ಬಗೆಯ ಬಿಳಿ ಎಂಬಲ್ಲಿ. ಅಗ್ಗಕ್ಕೆ ಸಿಗುವ, ಕಣ್ಣು ಕುಕ್ಕುವ ಬಿಳಿಯಲ್ಲಿ ನೀಲಿ ಅಂಶ ಜಾಸ್ತಿ. ಅದು ಇರುಳಲ್ಲಿ ಮೈಗೆ ನಿದ್ದೆಯ ಹೊತ್ತು ತಿಳಿಸುವ ವ್ಯವಸ್ಥೆಯನ್ನೇ ಕೆಡಿಸುತ್ತದೆ ಎಂದು ಅಮೆರಿಕದ ವೈದ್ಯರ ಸಂಘ 2016ರಲ್ಲಿ ಎಚ್ಚರಿಸಿ, 3000 ಕೆಲ್ವಿನ್ ದಾಟದ, ಹಳದಿಗೆ ತಿರುಗಿದ ದೀಪಗಳನ್ನೇ ಬೀದಿಗೆ ಹಾಕಿ ಅಂದಿತು. ಅದಕ್ಕೂ ಮೊದಲು 2014ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಊರಿನ ಜನ ಬಿಳಿ ದೀಪ ಬೇಡ ಅಂತ ಗಲಾಟೆ ಮಾಡಿ, ಹೊಸದಾಗಿ ಹಾಕಿದ್ದನ್ನೇ ತೆಗೆಸಿ ಹಳದಿಯವನ್ನು ಹಾಕಿಸಿಕೊಂಡರು. ಅವರ ಮಾತು ನಡೆಯಿತು. ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. ಜೋಳ ಇರುಳು ಉದ್ದವಾದಾಗ ತೆನೆ ಬಿಡುವ ಜಾತಿಯ ಪೈರು. ರಸ್ತೆ ಪಕ್ಕದ ಹೊಲಕ್ಕೆ ಬೆಳತನಕ ಬೆಳಕು ಬಿದ್ದರೆ ಆ ಪಟ್ಟೆ ತಡವಾಗುತ್ತದೆ. ರೈತ ಮಂತ್ರ ಮಾಟ ಅಂದುಕೊಂಡು ನಿಂಬೆಹಣ್ಣು ಕಟ್ಟುತ್ತಾನೆ, ಕಂಬದ ಕಡೆ ನೋಡುವುದಿಲ್ಲ.

ಇಷ್ಟಾದರೂ ಕೇರಿಯ ಪ್ರಶ್ನೆ ಬೆಳಕಿನ ಬಣ್ಣದ್ದಲ್ಲ, ದುಡ್ಡು ಹುಟ್ಟುವ ಬಗೆಯದು. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಅದರ ತತ್ವ ಇಷ್ಟೆ: ದೀಪ ಬದಲಿಸುವ ಬಂಡವಾಳ ಹಾಕುವವರು ಬೇರೆ, ಹಳೆಯ ದೀಪಕ್ಕಿಂತ ಉಳಿದ ಕರೆಂಟಿನ ದುಡ್ಡಿನಿಂದ ಆ ಬಂಡವಾಳ ತೀರಿಸುವುದು. ಬೆಂಗಳೂರಿನಲ್ಲೂ ಅಂದಿನ ಪಾಲಿಕೆ ಸುಮಾರು 4.85 ಲಕ್ಷ ದೀಪಗಳನ್ನು ಇದೇ ಬಗೆಯಲ್ಲಿ ಬದಲಿಸಲು 2019ರಲ್ಲಿ ಗುತ್ತಿಗೆ ಕೊಟ್ಟು, ಕೆಲಸ ಮುಂದಕ್ಕೆ ಹೋಗದೆ ಕೊನೆಗೆ ರದ್ದು ಮಾಡಿಕೊಂಡಿತು. ಅದು ಅವರ ಪಾಡು. ಲೆಕ್ಕವನ್ನು ನಮ್ಮ ಊರಿಗೆ ತಂದು ನೋಡಿ. 150 ವ್ಯಾಟಿನ ಸೋಡಿಯಂ ದೀಪ ಇದ್ದ ಕಂಬಕ್ಕೆ 70 ವ್ಯಾಟಿನ ಎಲ್‌ಇಡಿ ಹಾಕಿದರೆ 80 ವ್ಯಾಟ್ ಉಳಿತಾಯ. ಸಾಲ ತೀರಿಸುವುದು ಆ 80. ದೀಪವೇ ಇಲ್ಲದ ಕಂಬಕ್ಕೆ, ಕಂಬವೇ ಇಲ್ಲದ ಓಣಿಗೆ ಅದೇ 70 ವ್ಯಾಟ್ ಹಾಕಿದರೆ ಉಳಿತಾಯ ಎಲ್ಲಿಂದ ಬರಬೇಕು? ಅದು ಪೂರಾ ಖರ್ಚು. ಗುತ್ತಿಗೆದಾರನ ಕಣ್ಣಿಗೆ ಪೇಟೆಬೀದಿ ಲಾಭ, ಕೇರಿ ನಷ್ಟ. ಅವನಿಗೆ ಜಾತಿದ್ವೇಷ ಇರಬೇಕಾಗಿಲ್ಲ, ಒಳ್ಳೆಯವನೇ ಇರಬಹುದು. 1884ರಿಂದ ದೀಪ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲಿಗೆ ಮಾತ್ರ ಹೊಸ ದೀಪ ಬರುವಂತೆ ಲೆಕ್ಕದ ಪುಸ್ತಕವೇ ನೋಡಿಕೊಳ್ಳುತ್ತದೆ.

ಈ ಬದಲಾವಣೆಗೆ ಮೊದಲ ಕೆಲಸ ಸರ್ವೆ. ವಾರ್ಡು, ಕಂಬದ ನಂಬರು, ಈಗಿನ ವ್ಯಾಟು, ಹೊಸ ವ್ಯಾಟು, ಇಂಥ ಕಾಲಮ್ಮುಗಳು. ದೀಪ ಇಲ್ಲದ ಜಾಗಕ್ಕೊಂದು ಕಾಲಮ್ಮು ಇಡಲು ಯಾರ ಅಪ್ಪಣೆಯೂ ಬೇಕಿಲ್ಲ, ಇಡುವುದಿಲ್ಲ ಅಷ್ಟೆ. ಕೇರಿ, ಹಟ್ಟಿ, ತಾಂಡಾ, ಜನತಾ ಮನೆಗಳ ಸಾಲು, ಇವಕ್ಕೆ ಎಷ್ಟು ಕಂಬ ಹೊಸದಾಗಿ ಬೇಕು ಅಂತ ಮೊದಲು ಬರೆದು, ಪರಿಶಿಷ್ಟರಿಗೆ ಮೀಸಲಿಟ್ಟ ಅನುದಾನದಿಂದಲೋ ಪೇಟೆಬೀದಿಯ ಉಳಿತಾಯದಿಂದಲೋ ಅವನ್ನು ನೆಟ್ಟು, ಆಮೇಲೆ ಪೇಟೆಯ ಹಳೇ ದೀಪ ಬಿಚ್ಚಲಿ ಎಂಬುದು ನಮ್ಮ ಬೇಡಿಕೆ. ಕಂಬ ಹತ್ತುವ ಗುತ್ತಿಗೆ ಹುಡುಗರಿಗೆ ಕೈಗವುಸು, ಬೆಲ್ಟು, ವಿಮೆ ಕೊಡದ ಟೆಂಡರಿಗೆ ಸಭೆಯಲ್ಲಿ ಕೈ ಎತ್ತಬೇಡಿ ಎಂದು ನಮ್ಮವರೇ ಆದ ಸದಸ್ಯರಿಗೂ ಹೇಳಬೇಕಾಗಿದೆ. ಮೀಸಲು ವಾರ್ಡಿನಿಂದ ಗೆದ್ದವರು ಎಷ್ಟು ಮಂದಿ ಈ ಸರ್ವೆಯ ಕಾಗದ ಕೇಳಿ ನೋಡಿದ್ದಾರೆ?

ಜಿಲ್ಲೆಗಳ ಹೆಸರು ಬೇಕಾದಷ್ಟು ಸಲ ಬದಲಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಪ್ರತಿ ಸಲ ಫಲಕ ಬದಲಾಯಿತು, ಮೇನ್ ರೋಡು ಅಗಲವಾಯಿತು, ನಡುವೆ ಎರಡು ಕೈಯ ಕಂಬಗಳು ಎದ್ದವು.

ಈ ಐದರೊಳಗಿನ ಒಂದು ಊರಿನಲ್ಲಿ ಕೇರಿಯವರ ಜೊತೆ ನಾವೂ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೆವು. ಮೇಜಿನಾಚೆ ಕೂತವರು ಮರ್ಯಾದೆಯಿಂದಲೇ ಮಾತಾಡಿದರು. 'ದೂರು ತಗೋತೀವಿ, ಕಂಬದ ನಂಬರ್ ಬರ್ಕೊಂಡು ಬನ್ನಿ' ಅಂದರು. ಕಂಬ ಇಲ್ಲ ಅಂತಲೇ ದೂರು ಸ್ವಾಮಿ ಅಂದೆವು. ನಂಬರ್ ಇಲ್ಲದೆ ಕಂಪ್ಯೂಟರ್ ತಗೊಳ್ಳಲ್ಲ ಅಂದರು. ಅರ್ಜಿಯನ್ನು ಮತ್ತೆ ಬರೆದೆವು. ನಂಬರಿನ ಜಾಗದಲ್ಲಿ 'ಅಂಬೇಡ್ಕರ್ ಭವನದ ಹಿಂದಿನ ಬೇವಿನಮರದಿಂದ ನೀರಿನ ಟ್ಯಾಂಕಿನವರೆಗೆ, ಆರು ಕಂಬ' ಎಂದು ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ.